ಖಾದರ್ ಸಾಬರ ಡೈನಮೊ

ಎಂಜಿನ್ನಿನ ಮೇಲೆ ಸ್ಕ್ರೂಡ್ರೈವರಿನ ತುದಿಯಿಟ್ಟು, ಅದರ ಮರದ ಹಿಡಿಗೆ ಕಿವಿಯೊತ್ತಿ, ಖಾದರ್ ಸಾಬರು ಕಣ್ಣು ಮುಚ್ಚಿ ನಿಂತರೆ ಕಾರಿನ ಯಜಮಾನ ಬಾಯಿ ತೆರೆಯುವಂತಿರಲಿಲ್ಲ. ತೆರೆದರೆ, “ಇಬ್ರ ಮಾತು ಒಟ್ಗೆ ಕೇಳಕ್ಕಾಗಕಿಲ್ಲ ಸ್ವಾಮಿ” ಎನ್ನುತ್ತಿದ್ದರು.

ಎರಡನೆಯ ಮಹಾಯುದ್ಧದ ವರ್ಷಗಳು; ಹೊಸ ಬಿಡಿಭಾಗ ಸಿಗುತ್ತಿರಲಿಲ್ಲ. ನಾನು ಮಳವಳ್ಳಿಯಲ್ಲಿದ್ದು ಪತ್ರಿಕೆಗೆ ಸುದ್ದಿ ಬರೆಯುತ್ತಿದ್ದೆ. ತಂದೆಯವರು ಬಿಟ್ಟುಹೋದ ಹಳೆಯ ಕಾರಿನಲ್ಲಿ ವಾರಕ್ಕೊಮ್ಮೆ ಅಮ್ಮನನ್ನು ಮಂಡ್ಯದ ಆಸ್ಪತ್ರೆಗೆ ಕರೆದೊಯ್ಯಬೇಕಿತ್ತು. ಇದ್ದಿಲ ಗ್ಯಾಸಿನಲ್ಲಿ ಓಡುವ ಬಸ್ಸಿನ ಹೊಗೆ ಅವರ ಎದೆಗೆ ಆಗುತ್ತಿರಲಿಲ್ಲ. ಕಾರು ದಾರಿಯಲ್ಲಿ ನಿಲ್ಲತೊಡಗಿದಾಗ, ರಿಪೇರಿ ಮಾಡಿಸುವುದೋ ಮಾರಿಬಿಡುವುದೋ ಎಂಬುದು ತೀರ್ಮಾನವಾಗಬೇಕಾಯಿತು. ಮಂಡ್ಯದ ಮೆಕ್ಯಾನಿಕ್ ರಿಪೇರಿ ಎಂದ. ಅವನಿಗೆ ಕೂಲಿ ಬೇಕಾಗಿದೆ ಎಂದುಕೊಂಡೆ. ಮಳವಳ್ಳಿಯವನು ಮಾರಿ ಎಂದ; ಗಿರಾಕಿಯನ್ನು ಗೊತ್ತುಮಾಡಿಟ್ಟಿದ್ದಾನೆ ಎಂದುಕೊಂಡೆ. ಮದ್ದೂರಿನ ಖಾದರ್ ಸಾಬರು ಎರಡನ್ನೂ ಹೇಳದೆ, ಎಂಟು ದಿನ ಬಿಟ್ಟುಹೋಗಿ, ನೋಡೋಣ ಎಂದರು. ನನಗೆ ಅದೇ ಹೆಚ್ಚು ಅನುಮಾನ ತಂದಿತು. ಒಳ್ಳೆಯ ಭಾಗ ಬಿಚ್ಚಿಕೊಂಡು ಕೆಟ್ಟದ್ದನ್ನು ಜೋಡಿಸುವವರ ಕಥೆ ಆಗ ಎಲ್ಲರ ಬಾಯಲ್ಲೂ ಇತ್ತು. ಕಾರು ಒಪ್ಪಿಸುವ ಮುನ್ನ ಮುಖ್ಯ ಭಾಗಗಳ ಮೇಲೆಲ್ಲ ಅರದಿಂದ ಸಣ್ಣ ಗೀರು ಹಾಕಿದೆ.

ಒಂಬತ್ತನೆಯ ದಿನ ಬಾನೆಟ್ ಎತ್ತಿ ಒಂದೊಂದೇ ಗೀರು ಹುಡುಕಿದೆ. ಬ್ಯಾಟರಿಗೆ ಕರೆಂಟು ತುಂಬುವ ಡೈನಮೊದ ಮೇಲೆ ಇರಲಿಲ್ಲ. ಕಳ್ಳ ಸಿಕ್ಕಿದನೆಂದು ತಲೆ ಎತ್ತಿದೆ.

“ಗುರುತಿಲ್ದೆ ಇರೋದು ನಂದು ಸ್ವಾಮಿ,” ಎಂದರು ಸಾಬರು. “ನಮ್ ಅಳೇ ಕಾರಿಂದ ಬಿಚ್ಚಾಕಿವ್ನಿ. ನಿಮ್ದು ಸುಟ್ಟೋಗಿತ್ತು, ಸೀಟಿನ ಕೆಳಗೈತೆ.”

ಸೀಟಿನ ಕೆಳಗೆ ಅದು ನನ್ನ ಗೀರಿನ ಸಮೇತ ಇತ್ತು. ಸಾಬರು ಕೂಲಿಯ ಹೊರತು ಏನನ್ನೂ ಕೇಳಲಿಲ್ಲ. ಹೊರಡುವಾಗ ಮಾತ್ರ, “ಇನ್ನೊಂದ್ಸಲ ಗುರುತು ಆಕೋದಾದ್ರೆ ಬಣ್ಣ ಅಚ್ಚಿ. ಅರ ಉಜ್ಜುದ್ರೆ ತುಕ್ಕು ಇಡೀತದೆ” ಎಂದರು.

ಆದರೂ ನನ್ನ ಅನುಮಾನ ಸಾಯಲಿಲ್ಲ. ಈಗ ಇಷ್ಟು ಕೊಟ್ಟವರು ಮುಂದೆ ಎಷ್ಟು ಕೀಳುತ್ತಾರೋ ಎಂದು ಕಾದೆ. ಎರಡು ವರ್ಷ ಕಾದೆ. ಸ್ಟೇರಿಂಗಿನ ಕೆಳಗಿನ ಕಬ್ಬಿಣದ ತೋಳು ಬಿರುಕುಬಿಟ್ಟಾಗ ಬೆಸುಗೆ ಹಾಕಿಕೊಟ್ಟು, ಇದು ಬಿಟ್ಟರೆ ಚಕ್ರ ಹಿಡಿತಕ್ಕೆ ಸಿಗುವುದಿಲ್ಲ, ಮೆಲ್ಲಗೆ ಓಡಿಸಿ, ಹೊಸದು ಸಿಕ್ಕಿದೊಡನೆ ಬದಲಾಯಿಸಿ ಎಂದರು. ಅದಕ್ಕೂ ಹೆಚ್ಚಿನ ಕೂಲಿ ಕೇಳಲಿಲ್ಲ. ಹೊಸ ತೋಳು ಸಿಗಲೇ ಇಲ್ಲ.

ಯುದ್ಧ ಮುಗಿಯುವ ಹೊತ್ತಿಗೆ ಅಮ್ಮ ಗುಣವಾದರು. ಕಾರಿನ ಅಗತ್ಯ ತಪ್ಪಿತು. ಕೊಳ್ಳೇಗಾಲದವನೊಬ್ಬ ಬಾಡಿಗೆಗೆ ಓಡಿಸಲೆಂದು ಬಂದು, ಸೀಟು ಒತ್ತಿ ನೋಡಿ, ಹಾರನ್ ಬಾರಿಸಿ ನೋಡಿ ಕೊಂಡುಕೊಂಡ. ಒಳ್ಳೆಯ ಬೆಲೆಗೆ ಹೋಯಿತೆಂದು ಹೇಳಲು ಮದ್ದೂರಿಗೆ ಹೋದೆ.

ಸಾಬರು ಕೇಳಿದ್ದು ಒಂದೇ. “ಬೆಸುಗೆ ವಿಸ್ಯ ಏಳುದ್ರಾ?”

“ಅವನು ಕೇಳಲಿಲ್ಲ” ಎಂದೆ.

ಅವರು ಬಯ್ಯಲಿಲ್ಲ. ಕೊಂಡವನ ಹೆಸರು, ಬೀದಿ ವಿಚಾರಿಸಿಕೊಂಡರು. ಕೈ ಒರೆಸಿಕೊಂಡು, ಬಿಚ್ಚಿಟ್ಟಿದ್ದ ಕೆಲಸವನ್ನು ಹಾಗೆಯೇ ಬಿಟ್ಟು, ನಡುಹಗಲಲ್ಲಿ ಶೆಡ್ಡಿಗೆ ಬೀಗ ಹಾಕಿ ಬಸ್ಸು ನಿಲ್ಲುವ ಕಡೆಗೆ ನಡೆದರು. ನಾನೂ ಬರುತ್ತೇನೆ ಎನ್ನಬಹುದಿತ್ತು. ಎನ್ನಲಿಲ್ಲ.

ಮತ್ತೆ ಅವರನ್ನು ನೋಡಲಿಲ್ಲ. ಆಮೇಲೆ ಮದ್ದೂರಿನ ಮೇಲೆ ಎಷ್ಟೋ ಸಲ ಹೋಗಿಬಂದಿದ್ದೇನೆ. ಬಸ್ಸಿನಲ್ಲಿ ಶೆಡ್ಡು ಕಾಣದ ಬದಿಯ ಸೀಟನ್ನೇ ಹಿಡಿಯುತ್ತಿದ್ದೆ.