ಬಲಗಿವಿಗೆ ಮಾತ್ರ ಕೇಳಿದ ಹಾಡು

೨೦೧೦ರ ಬೇಸಿಗೆ. ನಾನಾಗ ಗಂಗಾವತಿಯಲ್ಲಿ ಕಂಪ್ಯೂಟರ್ ರಿಪೇರಿಯ ಸ್ವಂತ ಅಂಗಡಿ ಇಟ್ಟುಕೊಂಡಿದ್ದೆ. ೧೯೯೭ರಲ್ಲಿ ಒಂದು ತರಬೇತಿ ಕೇಂದ್ರದಲ್ಲಿ ಹಾರ್ಡ್‌ವೇರ್ ಕಲಿತವನು, ಅಲ್ಲಿಂದೀಚೆಗೆ ಸ್ಕ್ರೂ ಡ್ರೈವರ್ ಕೈಬಿಟ್ಟಿರಲಿಲ್ಲ. ನಮ್ಮ ಕಡೆಯ ಗಿರಾಕಿಗಳೆಂದರೆ ಅಕ್ಕಿ ಗಿರಣಿಗಳು, ಡಿಟಿಪಿ ಅಂಗಡಿಗಳು, ಒಂದೆರಡು ಕಾಲೇಜು. ಗಿರಣಿಯ ಕಂಪ್ಯೂಟರ್ ಬಿಚ್ಚಿದರೆ ಒಳಗೆ ಬೊಗಸೆ ತುಂಬ ತೌಡು ಸಿಗುತ್ತಿತ್ತು. ಮಷೀನು ತಾನಾಗಿಯೇ ಬಂದ್ ಆಗಿ ತಾನಾಗಿಯೇ ಚಾಲೂ ಆದರೆ ಗಿರಣಿಯವರು "ಇದಕ್ಕೇನರ ಗಾಳಿ ಸೋಕೈತೇನ್ರಿ?" ಎಂದು ಅರ್ಧ ತಮಾಷೆಗೆ, ಅರ್ಧ ನಿಜವಾಗಿ ಕೇಳುವರು. ನನಗೆ ಇಂಥ ಮಾತು ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು. ಫ್ಯಾನ್ ಬದಲಿಸಿ, ತೌಡು ಊದಿ, "ಗಾಳಿ ಇಲ್ಲದ್ದಕ್ಕ ಹಿಂಗಾಗಿತ್ತು, ಈಗ ಗಾಳಿ ಬಿಟ್ಟೀನಿ" ಎಂದು ಹೇಳಿ ಬರುತ್ತಿದ್ದೆ.

ಆ ಬೇಸಿಗೆಯಲ್ಲಿ ಕನಕಗಿರಿಯಿಂದ ಮೌನೇಶನ ಫೋನ್ ಬಂತು. ಮೌನೇಶ ಹಾರ್ಮೋನಿಯಂ ನುಡಿಸುವವನು, ಅಲ್ಲೊಂದು ಚಿಕ್ಕ ರೆಕಾರ್ಡಿಂಗ್ ಸ್ಟುಡಿಯೋ ನಡೆಸುತ್ತಿದ್ದ. ಬಟ್ಟೆ ಅಂಗಡಿಯ ಮಾಳಿಗೆಯ ಮೇಲೆ ಒಂದು ಕೋಣೆ, ನಡುವೆ ಗಾಜಿನ ಕಿಟಕಿಯ ಗೋಡೆ, ಗೋಡೆಗಳಿಗೆಲ್ಲ ಹಳೆಯ ಗಾದಿ ಬಡಿದಿದ್ದ. ಸುತ್ತಲಿನ ಭಜನಾ ಮೇಳದವರು, ಸೋಬಾನ ಪದ ಹಾಡುವ ಹೆಣ್ಣುಮಕ್ಕಳು ಅಲ್ಲಿಗೆ ಬರುತ್ತಿದ್ದರು. ಅವರನ್ನು ಕರೆತಂದವಳು ಅವನ ಹೆಂಡತಿ ನೀಲಮ್ಮ. ಆಕೆ ಹಾಡುಗಾರ್ತಿ. ಮದುವೆಯಲ್ಲಿ ಮದುಮಕ್ಕಳನ್ನು ಕೂರಿಸಿ, ಸುತ್ತ ಚೊಂಬು ಇಟ್ಟು ನೂಲು ಸುತ್ತಿ, ಅರಿಶಿನದ ನೀರೆರೆಯುವ ಸುರಗಿಯ ಶಾಸ್ತ್ರಕ್ಕೆ ನೀಲಮ್ಮನ ದನಿ ಇಲ್ಲದಿದ್ದರೆ ಆ ಭಾಗದ ಹಿರಿಯರಿಗೆ ಸಮಾಧಾನವಿರಲಿಲ್ಲ. ಮೂರು ವರ್ಷದ ಹಿಂದೆ ಜ್ವರ ಬಂದು ಆಕೆ ತೀರಿಕೊಂಡಿದ್ದಳು. ಆಮೇಲೂ ಮೌನೇಶ ಸ್ಟುಡಿಯೋ ನಡೆಸುತ್ತಿದ್ದ, ಆದರೆ ಮಾತು ಕಡಿಮೆಯಾಗಿತ್ತು.

ಅವನ ಹಳೆಯ ಕಂಪ್ಯೂಟರ್ ಕೆಟ್ಟು, ಹುಬ್ಬಳ್ಳಿಯಿಂದ ಹೊಸದನ್ನು ತಂದಿದ್ದ. ಹಳೆಯದರಲ್ಲಿ ಎಕ್ಸ್‌ಪಿ ಇತ್ತು, ಹೊಸದರಲ್ಲಿ ವಿಂಡೋಸ್ ಸೆವೆನ್. ಮೈಕಿನ ದನಿಯನ್ನು ಕಂಪ್ಯೂಟರಿಗೆ ಒಯ್ಯುವ, ಅಲ್ಲಿಂದ ಸ್ಪೀಕರಿಗೂ ಹೆಡ್‌ಫೋನಿಗೂ ತರುವ ಪೆಟ್ಟಿಗೆಗೆ ಆಡಿಯೋ ಇಂಟರ್‌ಫೇಸ್ ಎನ್ನುತ್ತಾರೆ. ಮೌನೇಶ ಅದನ್ನು ಸೌಂಡ್ ಬಾಕ್ಸ್ ಎನ್ನುತ್ತಿದ್ದ. ಆ ಪೆಟ್ಟಿಗೆಗೂ ಆಪರೇಟಿಂಗ್ ಸಿಸ್ಟಮ್‌ಗೂ ನಡುವೆ ದುಭಾಷಿಯಂತೆ ಕೆಲಸ ಮಾಡುವ ಪ್ರೋಗ್ರಾಮೇ ಡ್ರೈವರ್. ಅವನ ಹಳೆಯ ಪೆಟ್ಟಿಗೆಗೆ ಸೆವೆನ್‌ನಲ್ಲಿ ನಡೆಯುವ ಡ್ರೈವರ್ ಬಂದಿರಲೇ ಇಲ್ಲ. ಕಂಪ್ಯೂಟರ್ ಮಾರಿದವರು ಅದೇ ಕಂಪನಿಯ ಮುಂದಿನ ಮಾಡೆಲ್ಲಿನ ಡ್ರೈವರ್ ಹಾಕಿ ಕೊಟ್ಟಿದ್ದರು. ಹೇಗೋ ದನಿ ಬರುತ್ತಿತ್ತು.

"ದನಿ ಬರತೈತ್ರಿ, ಆದರ ತಡಾ ಮಾಡಿ ಬರತೈತಿ" ಎಂಬುದು ಅವನ ದೂರು. ನವಲಿಯ ಶರಣಮ್ಮ ಎಂಬಾಕೆಯ ಸುರಗಿ ಪದವನ್ನು ಹೊಸ ಮಷೀನಿನಲ್ಲಿ ಮೊದಲಿಗೆ ರೆಕಾರ್ಡ್ ಮಾಡಿದ್ದನಂತೆ. ಒಂದು ಸಾಲೂ ತಾಳಕ್ಕೆ ಕೂತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಆಕೆ ಅರ್ಧಕ್ಕೇ ಎದ್ದು ಹೋದವಳು ಊರಲ್ಲಿ ಎರಡು ಮದುವೆಗೆ ಕರೆದರೂ ಹಾಡಲು ಹೋಗಿರಲಿಲ್ಲ. ಇನ್ನು ಹಾಡುವುದಿಲ್ಲ ಎಂದು ಮನೆಯವರಿಗೆ ಹೇಳಿಬಿಟ್ಟಿದ್ದಳು. ನೀಲಮ್ಮನ ಪದಗಳು ಪೂರ್ತಿ ಬರುತ್ತಿದ್ದದ್ದು ಅವಳೊಬ್ಬಳಿಗೇ. ಅವಳು ಬಾಯಿ ಕಟ್ಟಿಕೊಂಡರೆ ಆ ಪದಗಳು ಅಲ್ಲಿಗೆ ಮುಗಿದಂತೆ ಎಂದು ಮೌನೇಶ ಹೇಳಿದ.

ದನಿ ತಡವಾಗಿ ಬರುವುದಕ್ಕೆ ನಮ್ಮಲ್ಲಿ ಲೇಟೆನ್ಸಿ ಎನ್ನುತ್ತೇವೆ. ಹೊಂದದ ಡ್ರೈವರ್ ಹಾಕಿದರೆ ಮೊದಲು ಬರುವ ರೋಗವೇ ಇದು. ಹಾಗಾಗಿ ನಾನು ಬಹಳ ಧೈರ್ಯದಿಂದಲೇ ಕನಕಗಿರಿಗೆ ಹೋದೆ. ಮೈಕಿನ ಮುಂದೆ ಚಪ್ಪಾಳೆ ತಟ್ಟಿ ರೆಕಾರ್ಡ್ ಮಾಡಿ ನೋಡಿದೆ. ಸ್ವಲ್ಪ ತಡವಿತ್ತು, ನಿಜ. ಬಫರ್ ಇಳಿಸಿದೆ, ಅಂದರೆ ಕಂಪ್ಯೂಟರ್ ದನಿಯನ್ನು ತಡೆದಿಟ್ಟುಕೊಳ್ಳುವ ಹೊತ್ತನ್ನು ಕಡಿಮೆ ಮಾಡಿದೆ. ಚಪ್ಪಾಳೆ ಸರಿಯಾದ ಜಾಗಕ್ಕೆ ಬಂತು. ಆಮೇಲೆ ಶರಣಮ್ಮನ ಹಾಡನ್ನು ತೆರೆದು, ತಡವಿದ್ದಷ್ಟೂ ಹಿಂದಕ್ಕೆ ಸರಿಸಿದೆ.

ಕೂರಲಿಲ್ಲ. ಯಂತ್ರದ ತಡ ಎಲ್ಲ ಕಡೆ ಒಂದೇ ಅಳತೆಯಲ್ಲಿರುತ್ತದೆ. ಇಲ್ಲಿ ಒಂದು ಸಾಲಿನಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆ. ಪ್ರತಿ ಸಾಲಿನ ಮೊದಲ ಪದದ ಜಾಗ ಖಾಲಿ. ಎರಡನೇ ಪದದ ಹೊತ್ತಿಗೆ ಅವಳ ದನಿ ಬಂದು ಸೇರುತ್ತಿತ್ತು, ಆಮೇಲೆ ಸಾಲು ಮುಗಿಯುವವರೆಗೆ ತಾಳ ಒಂದಿಷ್ಟೂ ತಪ್ಪುತ್ತಿರಲಿಲ್ಲ. ನನಗೆ ತಲೆ ಕೆಟ್ಟುಹೋಯಿತು. ಡ್ರೈವರ್ ಯಾವುದೇ ಇರಲಿ, ಸಾಲಿನ ಮೊದಲ ಪದವನ್ನೇ ಆರಿಸಿ ತಿನ್ನುವುದು ಹೇಗೆ?

ಮೌನೇಶ ನನ್ನ ಹಿಂದೆ ನಿಂತು ಕೇಳುತ್ತಿದ್ದ. "ಇದು ಮಷೀನಿನ ತಡ ಅಲ್ರಿ ಅಣ್ಣಾ. ಹಿಂದಿನ ದನಿ ಹಾಡೋರು ಹಿಂಗ ಬರ್ತಾರ" ಎಂದ.

ಅದೇನೆಂದು ಅವನೇ ಬಿಡಿಸಿ ಹೇಳಿದ. ಸೋಬಾನದಲ್ಲಿ ಮುಂದಿನಾಕೆ ಸಾಲಿನ ಮೊದಲ ಪದವನ್ನು ಒಬ್ಬಳೇ ಎತ್ತುತ್ತಾಳೆ. ಅದನ್ನು ಹಿಡಿದುಕೊಂಡು ಹಿಂದಿನಾಕೆ ಎರಡನೇ ಪದಕ್ಕೆ ಕೂಡುತ್ತಾಳೆ. ನೀಲಮ್ಮ ಇರುವತನಕ ಆಕೆ ಮುಂದಿನ ದನಿ, ಶರಣಮ್ಮ ಹಿಂದಿನ ದನಿ. ಈಗ ಶರಣಮ್ಮ ಒಬ್ಬಳೇ ಹಾಡುವಾಗಲೂ ಮೊದಲ ಪದ ಬಿಟ್ಟು ಬರುತ್ತಿದ್ದಳು, ಆ ಪದವನ್ನು ಬೇರೆ ಯಾರೋ ಎತ್ತುತ್ತಿದ್ದಾರೆ ಎನ್ನುವಂತೆ. ಮಟಮಟ ಮಧ್ಯಾಹ್ನ, ಹೊರಗೆ ನಲವತ್ತು ಡಿಗ್ರಿ ಬಿಸಿಲು. ನನ್ನ ಮುಂಗೈ ಮೇಲಿನ ರೋಮ ಎದ್ದು ನಿಂತದ್ದನ್ನು ನಾನೇ ನೋಡಿದೆ, ನೋಡಿ ಸಿಟ್ಟೂ ಬಂತು.

ಕೇಳಿಬಿಡುವುದೇ ಸರಿ ಎಂದು ಇಬ್ಬರೂ ಬೈಕ್ ಹತ್ತಿ ನವಲಿಗೆ ಹೋದೆವು. ಶರಣಮ್ಮ ಗದ್ದೆ ಕೂಲಿಗೆ ಹೋಗುವವಳು, ನಲವತ್ತರ ಒಳಗಿನ ವಯಸ್ಸು. ನೀರು ಕೊಟ್ಟಳು, ಕುಳಿತಳು, ಆದರೆ ಮೌನೇಶನ ಮುಖ ನೋಡಲಿಲ್ಲ. ಹಾಡಿನ ಮಾತು ತೆಗೆದರೆ ಗಂಟಲು ಸರಿಯಿಲ್ಲ, ಕೆಲಸ ಐತಿ ಎಂದು ತಪ್ಪಿಸುತ್ತಿದ್ದಳು. ನಾನು ಮುಚ್ಚುಮರೆ ಇಲ್ಲದೆ, ಹಾಡುವಾಗ ಕಿವಿಯಲ್ಲಿ ಏನಾದರೂ ಕೇಳಿತೇ ಎಂದು ಕೇಳಿದೆ. ಆಗ ಸೆರಗು ಬಾಯಿಗೆ ಒತ್ತಿಕೊಂಡಳು.

"ಅಕ್ಕ ಬಂದಿದ್ಲುರಿ" ಎಂದಳು. ನೀಲಮ್ಮನನ್ನು ಅವಳು ಕರೆಯುತ್ತಿದ್ದದ್ದೇ ಹಾಗೆ. "ಬಲಗಿವ್ಯಾಗ. ನಾ ಬಾಯಿ ತೆಗಿಯೂದ್ರಾಗ ಅಕಿನ ಪದಾ ಎತ್ತತಿದ್ಲು. ಅಕಿ ಜಾಗದಾಗ ನಾ ಕುಂತದ್ದು ಅಕಿಗೆ ಸೇರಿಲ್ರಿ."

 ಕನಕಗಿರಿಗೆ ವಾಪಸ್ ಬಂದವನೇ ಮೌನೇಶ ತನ್ನ ಮೇಜಿನ ಹೆಡ್‌ಫೋನ್ ಕಿವಿಗೆ ಹಾಕಿಕೊಂಡು ಆ ಅರ್ಧ ಹಾಡನ್ನು ಇದ್ದಷ್ಟೂ ಕೇಳಿದ. ಮತ್ತೆ ಕೇಳಿದ. ಕಣ್ಣು ಮುಚ್ಚಿ, ಬಲಗಿವಿಯ ಮೇಲೆ ಅಂಗೈ ಒತ್ತಿಕೊಂಡು ಕೇಳಿದ. ಹಾರ್ಮೋನಿಯಂ, ತಬಲಾ, ಶರಣಮ್ಮ ಬಿಟ್ಟರೆ ಏನೂ ಇಲ್ಲ. ಹೆಡ್‌ಫೋನ್ ತೆಗೆದಿಟ್ಟು, "ಅಕಿಗೆ ಕೇಳಸ್ತಾಳ, ನನಗ ಕೇಳಸೂದಿಲ್ಲ ನೋಡ್ರಿ" ಎಂದ. ಅವನು ಅಳಲಿಲ್ಲ. ಅತ್ತಿದ್ದರೆ ನನಗೆ ಇಷ್ಟು ಸಂಕಟ ಆಗುತ್ತಿರಲಿಲ್ಲ.

ನನಗೆ ಹಠ ಬಂತು. ದೆವ್ವದ ಮಾತು ನಂಬುವವನು ನಾನಲ್ಲ, ಆದರೆ ಆ ಹೆಣ್ಣುಮಗಳು ಸುಳ್ಳು ಹೇಳುವವಳೂ ಅಲ್ಲ. ಹಾಗಿದ್ದರೆ ಅವಳು ಕೇಳಿದ ಜಾಗದಲ್ಲಿ ನಾನಿನ್ನೂ ಕೇಳಿಲ್ಲ ಎಂದಷ್ಟೇ ಅರ್ಥ. ಗಾಜಿನ ಆಚೆ, ಹಾಡುವವರ ಕೋಣೆಯೊಳಗೆ ಹೋಗಿ, ಅವಳು ಕೂತಿದ್ದ ಸ್ಟೂಲಿನ ಮೇಲೆ ಕೂತು, ಅವಳು ಹಾಕಿಕೊಂಡಿದ್ದ ಹೆಡ್‌ಫೋನನ್ನೇ ಹಾಕಿಕೊಂಡೆ. ಶರಣಮ್ಮನ ದನಿ ಬಂದ್ ಮಾಡಿ ಹಾಡು ಹಚ್ಚಲು ಮೌನೇಶನಿಗೆ ಕೈಸನ್ನೆ ಮಾಡಿದೆ.

ಹಾರ್ಮೋನಿಯಂ ಒಂದು ಸುತ್ತು ಬಂತು. ಅದು ಮುಗಿಯುತ್ತಿದ್ದಂತೆ ನನ್ನ ಬಲಗಿವಿಯಲ್ಲಿ, ಬಹಳ ಸಣ್ಣಗೆ, ಪಕ್ಕದ ಮನೆಯಲ್ಲಿ ಯಾರೋ ಹಾಡುತ್ತಿದ್ದಾರೆ ಎನ್ನುವಷ್ಟು ಸಣ್ಣಗೆ, ಹೆಂಗಸೊಬ್ಬಳು ಸಾಲಿನ ಮೊದಲ ಪದವನ್ನು ಎತ್ತಿದಳು.

ಇಷ್ಟು ವರ್ಷದ ಮೇಲೂ ಆ ಗಳಿಗೆಯನ್ನು ನೆನೆದರೆ ನನಗೆ ಹೆದರಿಕೆಯಾಗುತ್ತದೆ. ಹೆಡ್‌ಫೋನ್ ಕಿತ್ತು ಎದ್ದೇಬಿಟ್ಟೆ. ಗಾಜಿನ ಆಚೆ ಮೌನೇಶ ನನ್ನ ಮುಖ ನೋಡಿ ತಾನೂ ಎದ್ದು ನಿಂತಿದ್ದ, ಅವನ ಸ್ಪೀಕರಿನಲ್ಲಿ ಬರೀ ಹಾರ್ಮೋನಿಯಂ ನಡೆದಿತ್ತು. ನಾನು ಮತ್ತೆ ಕೂತೆ. ದನಿ ಒಂದೇ ಕಿವಿಯಲ್ಲಿ ಬರುತ್ತಿದೆ. ಸತ್ತವರಿಗೆ ಎಡ, ಬಲ ಎಂಬ ಭೇದವಿರಲಿಕ್ಕಿಲ್ಲ, ಔಟ್‌ಪುಟ್‌ಗಳಿಗೆ ಇರುತ್ತದೆ. ಆ ವಿಚಾರವೊಂದನ್ನೇ ಹಿಡಿದು ಎದ್ದು ಮೌನೇಶನ ಮೇಜಿಗೆ ಬಂದೆ.

ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಆ ಪೆಟ್ಟಿಗೆಯಲ್ಲಿ ದನಿ ಹೊರಬರುವ ನಾಲ್ಕು ದಾರಿಗಳಿದ್ದವು. ಒಂದು, ಎರಡು ಸ್ಪೀಕರಿಗೆ. ಮೂರು, ನಾಲ್ಕಕ್ಕೆ ಮೌನೇಶ ಯಾವತ್ತೂ ವೈರ್ ಹಾಕಿರಲಿಲ್ಲ. ಅವನ ಮೇಜಿನ ಹೆಡ್‌ಫೋನಿಗೆ ಬರುತ್ತಿದ್ದದ್ದು ಒಂದು, ಎರಡರ ದನಿ ಮಾತ್ರ. ಹಳೆಯ ಡ್ರೈವರ್ ಹಾಡುವವರ ಹೆಡ್‌ಫೋನಿಗೂ ಅಷ್ಟನ್ನೇ ಕೊಡುತ್ತಿತ್ತು. ಹುಬ್ಬಳ್ಳಿಯಲ್ಲಿ ಹಾಕಿದ ಡ್ರೈವರ್ ಬೇರೆ ಮಾಡೆಲ್ಲಿನದು. ಅದು ಹಾಡುವವರ ಹೆಡ್‌ಫೋನಿಗೆ ಉಳಿದೆರಡನ್ನೂ ಬೆರೆಸುತ್ತಿತ್ತು: ಮೂರನ್ನು ಎಡಗಿವಿಗೆ, ನಾಲ್ಕನ್ನು ಬಲಗಿವಿಗೆ. ಹಾಗಾದರೆ ನಾಲ್ಕನೆಯದಕ್ಕೆ ಏನು ಹೋಗುತ್ತಿದೆ ಎಂದು ಸ್ಕ್ರೀನನ್ನು ತೀರಾ ಕೆಳಗಿನವರೆಗೆ ಸರಿಸಿದೆ. ಕಣ್ಣಿಗೆ ಬೀಳದಂತೆ ಮಡಚಿಟ್ಟ ಒಂದು ಟ್ರ್ಯಾಕ್, ಅಂದರೆ ಒಂದು ದನಿಯ ಪಟ್ಟಿ, ಅಲ್ಲಿತ್ತು, ಹೆಸರು ಬರೆದಿರಲಿಲ್ಲ.

ನಮ್ಮ ಕಡೆಯ ಸ್ಟುಡಿಯೋಗಳಲ್ಲಿ ಆಗ ಒಂದು ರೂಢಿಯಿತ್ತು. ಒಂದು ಹಾಡಿಗೆ ಸೆಟಿಂಗ್ ಚೆನ್ನಾಗಿ ಕೂತರೆ ಆ ಫೈಲನ್ನೇ ಪ್ರತಿ ಸಲ ತೆರೆದು, ಬೇರೆ ಹೆಸರಿನಲ್ಲಿ ಸೇವ್ ಮಾಡಿ, ಅದರ ಮೇಲೆಯೇ ಹೊಸ ಹಾಡು ಕಟ್ಟುವುದು. ಕೂತ ಸೆಟಿಂಗ್ ಕೆದಕಬಾರದು ಎಂಬ ಭಯಭಕ್ತಿ. ಮೌನೇಶ ಹೊಸ ಮಷೀನಿಗೂ ಆ ಒಂದು ಫೈಲನ್ನು ಜೋಪಾನವಾಗಿ ಒಯ್ದಿದ್ದ. ಅದು ಹುಟ್ಟಿದ್ದು ಸ್ಟುಡಿಯೋ ತೆರೆದ ಮೊದಲ ದಿನ. ಮೈಕ್ ನೋಡಲೆಂದು ನೀಲಮ್ಮ ಹಾರ್ಮೋನಿಯಂ, ತಬಲಾದ ಜೊತೆ ಇದೇ ಸುರಗಿ ಪದವನ್ನು ಹಾಡಿದ್ದಳು, ಅವತ್ತು ಸೆಟಿಂಗ್ ಮಾಡಿಕೊಟ್ಟವರು ಅದನ್ನು ಅಳಿಸದೆ ವೈರ್ ಇಲ್ಲದ ನಾಲ್ಕಕ್ಕೆ ತಳ್ಳಿ ಮಡಚಿಟ್ಟಿದ್ದರು. ಆಮೇಲೆ ಅಲ್ಲಿ ಆದ ಭಜನೆ, ಸೋಬಾನ, ಗೀಗೀ ಪದ ಎಲ್ಲವೂ ಅದೇ ಫೈಲಿನ ಮೇಲೆ ಆದವು. ಪದ ಅದೇ ಆದ್ದರಿಂದ ಶರಣಮ್ಮನಿಗೆ ಮೌನೇಶ ಅವತ್ತಿನ ಹಾರ್ಮೋನಿಯಂ, ತಬಲಾವನ್ನೇ ಹಚ್ಚಿದ್ದ. ಆ ಕೋಣೆಯಲ್ಲಿ ಯಾರೇ ಹಾಡಿದರೂ ನೀಲಮ್ಮ ಅವರ ಜೊತೆ ಮೊದಲಿನಿಂದ ಕೊನೆಯವರೆಗೆ ಹಾಡುತ್ತಲೇ ಇದ್ದಳು, ಸತ್ತ ಮೇಲೂ. ಕೇಳಿಸಲು ದಾರಿ ಇರಲಿಲ್ಲ ಅಷ್ಟೇ.

ಇದನ್ನು ಮೌನೇಶನಿಗೆ ಹೇಳುವುದು ನನ್ನ ವೃತ್ತಿಯ ಅತ್ಯಂತ ಕಷ್ಟದ ಕೆಲಸವಾಯಿತು. ಹೇಳಿ, ಆ ಟ್ರ್ಯಾಕನ್ನು ಸ್ಪೀಕರಿಗೆ ಕೊಟ್ಟು, ನಾನು ಕೆಳಗಿಳಿದು ಹೋಗಿ ಬಟ್ಟೆ ಅಂಗಡಿಯ ಕಟ್ಟೆಯ ಮೇಲೆ ಕೂತೆ. ಮೇಲಿನಿಂದ ಹಾಡು ಕೇಳುತ್ತಿತ್ತು. ಅಂಗಡಿಯವನು ಅಳತೆ ಕೋಲು ಹಿಡಿದ ಕೈ ಹಾಗೇ ನಿಲ್ಲಿಸಿ ಮಾಳಿಗೆಯ ಕಡೆ ನೋಡಿದ.

ಮರುದಿನ ಶರಣಮ್ಮನನ್ನು ಕರೆಸಿದೆವು. ಡ್ರೈವರ್, ಔಟ್‌ಪುಟ್ ಎಂದೆಲ್ಲ ನಾನು ಹೇಳಿದ್ದಕ್ಕೆ ತಲೆಯಾಡಿಸಿದಳು, ಆದರೆ ಮುಖದ ಮೇಲಿನ ಹೆದರಿಕೆ ಹೋಗಲಿಲ್ಲ. ಕೊನೆಗೆ ಟ್ರ್ಯಾಕ್ ಹಚ್ಚಿದೆ. ನೀಲಮ್ಮ ಮೊದಲ ಪದ ಎತ್ತಿದಳು. ಎರಡನೇ ಪದಕ್ಕೆ, ಮೈಕಿನಿಂದ ದೂರದಲ್ಲಿ, ಗೋಡೆಗೆ ಒರಗಿ ಕೂತವರ ದನಿಯಂತೆ, ಇನ್ನೊಂದು ದನಿ ಬಂದು ಕೂಡಿತು. ಹೆಡ್‌ಫೋನಿನಲ್ಲಿ ಅದು ನನಗೆ ಗೊತ್ತಾಗಿರಲಿಲ್ಲ. ಶರಣಮ್ಮ ಸ್ಪೀಕರಿನ ಹತ್ತಿರ ಸರಿದಳು.

"ಈ ಹಿಂದಿನ ದನಿ ನಂದಲ್ರಿ ಮಾವ?" ಎಂದು ಮೌನೇಶನನ್ನು ಕೇಳಿದಳು. "ಅವತ್ತ ನಾನೂ ಬಂದಿದ್ನೆಲ್ರಿ."

ನಾನು ಅವಳ ಹೊಸ ಹಾಡನ್ನು ಆ ಹಳೆಯದರ ಕೆಳಗೆ ಇಟ್ಟು ತೋರಿಸಿದೆ. ಸ್ಕ್ರೀನಿನ ಮೇಲೆ ಹಳೆಯದರ ಹಿಂದಿನ ದನಿ, ಅವಳ ಹೊಸ ದನಿ ಎರಡೂ ಒಂದೇ ಗೆರೆಯಲ್ಲಿ ಶುರುವಾಗುತ್ತಿದ್ದವು. ಅಕ್ಕ ಅವಳನ್ನು ಜಾಗದಿಂದ ಎಬ್ಬಿಸಲು ಬಂದಿರಲಿಲ್ಲ. ಅವಳೇ ತಿಳಿಯದೆ ತನ್ನ ಹಳೆಯ ಜಾಗಕ್ಕೆ ಹೋಗಿ ಕೂತಿದ್ದಳು. ಆಗ ಅವಳು ಅತ್ತಳು, ಮೌನೇಶನೂ ಅತ್ತ, ನಾನು ಸುಮ್ಮನೆ ವೈರ್ ಸುತ್ತುತ್ತಾ ನಿಂತೆ.

ಆ ಟ್ರ್ಯಾಕನ್ನು ಬೇರೆ ಫೈಲಿಗೆ ತೆಗೆದು, ಮೌನೇಶನಿಗೆ ಸಿಡಿ ಮಾಡಿ ಕೊಟ್ಟೆ. ಹಾಡುವವರ ಹೆಡ್‌ಫೋನಿನಿಂದ ಮೂರು, ನಾಲ್ಕನ್ನು ಬಿಡಿಸಿದೆ. ಇನ್ನು ಕಿವಿಯಲ್ಲಿ ಯಾರೂ ಬರುವುದಿಲ್ಲ ಎಂದು ಶರಣಮ್ಮನಿಗೆ ಹೇಳಿದಾಗ ಅವಳು ಸ್ವಲ್ಪ ಹೊತ್ತು ಆ ಹೆಡ್‌ಫೋನನ್ನು ಕೈಯಲ್ಲಿ ಹಿಡಿದೇ ಕೂತಿದ್ದಳು. ಆಮೇಲೆ ಹಾಕಿಕೊಂಡಳು. ಹಾರ್ಮೋನಿಯಂ ಒಂದು ಸುತ್ತು ಬಂದದ್ದೇ ತಡ, ಮೊದಲ ಪದವನ್ನು ಸರಿಯಾದ ಜಾಗದಲ್ಲಿ, ಒಬ್ಬಳೇ, ಎತ್ತಿದಳು.

ಆದರೆ ಎರಡನೇ ಪದಕ್ಕೆ ಮೊದಲು ಒಂದು ಉಸಿರು ನಿಂತಳು. ಪ್ರತಿ ಸಾಲಿನಲ್ಲೂ ನಿಂತಳು. ಹಾಡು ಮುಗಿದ ಮೇಲೆ ಮೌನೇಶ, ನಡುವೆ ಸಂದು ಬಿದ್ದಿದೆ, ಮೌಸಿನಿಂದ ಕತ್ತರಿಸಿ ಕೂಡಿಸುತ್ತೇನೆ ಎಂದ.

"ಕೊಯ್ಯಬ್ಯಾಡ್ರಿ ಮಾವ" ಎಂದಳು ಶರಣಮ್ಮ. "ಅಕ್ಕ ಎಲ್ಲಿ ಕೂಡ್ತಾಳ್ರಿ ಮತ್ತ?"

ಅಂಗಡಿ ಮುಚ್ಚಿ ಈಗ ಮನೆಯಲ್ಲಿದ್ದೇನೆ. ಆ ಕೇಸಿನಿಂದ ಕಲಿತದ್ದನ್ನು ನನ್ನ ಕೈಕೆಳಗೆ ಕಲಿತವರಿಗೆಲ್ಲ ಹೇಳಿದ್ದೇನೆ: ದೂರು ಯಾವ ಕಿವಿಯಿಂದ ಬಂದಿದೆಯೋ ಅದೇ ಕಿವಿಯ ಜಾಗದಲ್ಲಿ ಕೂತು ಕೇಳಿ, ಆಮೇಲೆ ಡ್ರೈವರ್ ಹುಡುಕಿ. ಸಿಸ್ಟಮ್ ಬದಲಾಯಿಸುವ ಮೊದಲು, ಹಳೆಯದು ಯಾರಿಗೂ ಕೇಳಿಸದಂತೆ ಏನನ್ನು ಕಾಯ್ದುಕೊಂಡು ಬಂದಿದೆ ಎಂದು ನೋಡಿ. ಇದು ಅವರಿಗೆ ಹೇಳುವ ಮಾತಾಯಿತು. ಹೇಳದೇ ಇರುವುದು ಒಂದಿದೆ. ಶರಣಮ್ಮನ ಆ ಹಾಡು ನನ್ನ ಫೋನಿನಲ್ಲಿದೆ. ಅದರಲ್ಲಿ ಒಂದೇ ದನಿ ಇದೆ ಎಂದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ, ಉಳಿದದ್ದನ್ನೆಲ್ಲ ತೆಗೆದವನು ನಾನೇ. ಆದರೂ ಇಯರ್‌ಫೋನ್ ಹಾಕಿಕೊಂಡು ಕೇಳುವಾಗ, ಅವಳು ಮೊದಲ ಪದ ಎತ್ತಿ ನಿಂತಳೆಂದರೆ, ನಾನು ಉಸಿರು ಬಿಗಿಹಿಡಿದು ಬಲಗಿವಿಯಲ್ಲಿ ಕಾಯುತ್ತೇನೆ.