ಸೋಮವಾರದ ಉಪ್ಪಿಟ್ಟು

ಇವತ್ತು ಸೋಮವಾರ. ಸಂಜೆಯೇ ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದೇನೆ. ಈ ಘಮಕ್ಕೆ ಗಿರಿಜಕ್ಕನ ನೆನಪಾಗುತ್ತದೆ, ಬೆನ್ನಿಗೇ ಅವಳ ಮೇಲೆ ನನಗಿದ್ದ ಹೊಟ್ಟೆಕಿಚ್ಚೂ. ನಗಬೇಡಿ. ಸವತಿಯ ಮೇಲೂ ಯಾರೂ ಅಷ್ಟು ಉರಿದುಕೊಂಡಿರಲಿಕ್ಕಿಲ್ಲ.

ನಮ್ಮಿಬ್ಬರಿಗೂ ಎಚ್‌ಐವಿ. ನಾನು ಸೊರಬದ ಕಡೆಯವಳು. ಪರಿಚಯದವರ ಕಣ್ಣು ತಪ್ಪಿಸಲು ಶಿಕಾರಿಪುರಕ್ಕೆ ಹೋಗಿ ಮಾತ್ರೆ ತರುತ್ತಿದ್ದೆ. ಅಣ್ಣ ಜೊತೆಗೆ ಬಂದು ಆಸ್ಪತ್ರೆಯ ಗೇಟಿನ ಹತ್ತಿರ ಕಾಯುತ್ತಿದ್ದ. ಗಿರಿಜಕ್ಕ ಅಲ್ಲೇ ಪಕ್ಕದ ಹಳ್ಳಿಯವಳು, ಯಾವಾಗಲೂ ಒಬ್ಬಳೇ ಬರುವವಳು. ಇಬ್ಬರೂ ಮಾತ್ರೆ ಶುರುಮಾಡಿದ್ದು ಒಂದೇ ತಿಂಗಳಲ್ಲಿ. ರಕ್ತದಲ್ಲಿ ವೈರಸ್ ಎಷ್ಟಿದೆ ಎಂದು ನೋಡುವ ವೈರಲ್ ಲೋಡ್ ಪರೀಕ್ಷೆಯಲ್ಲಿ ಅವಳಿಗೆ 'ಕಾಣುವಷ್ಟಿಲ್ಲ' ಎಂದು ಬಂತು. ನನ್ನದು ಇಳಿಯಲೇ ಇಲ್ಲ. ಹೀಗೇ ಮುಂದುವರಿದರೆ ಜೀವಕ್ಕೇ ಕಷ್ಟ ಎಂದರು ಡಾಕ್ಟರು.

ನನಗೆ ಸಿಟ್ಟು ಬಂದದ್ದು ಗಿರಿಜಕ್ಕನ ಮೇಲೆ. ವಾಸಿಯಾಗಲೆಂದು ನಾನು ಸೋಮವಾರ ಈಶ್ವರನಿಗೆ, ಶುಕ್ರವಾರ ಚಂದ್ರಗುತ್ತಿ ಅಮ್ಮನಿಗೆ ಒಪ್ಪತ್ತು ಹಿಡಿದು ಸೊರಗಿದ್ದೆ. ಅವಳೋ, ಸೋಮವಾರವೂ ಮಂಡಕ್ಕಿ ಮಿರ್ಚಿ ತಿಂದು ಬಾಯಿ ಒರೆಸಿಕೊಳ್ಳುತ್ತ ಬರುವವಳು. ದೇವರಿಗೂ ಕಣ್ಣಿಲ್ಲವೇ ಎಂದುಕೊಂಡೆ.

ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟೆ. "ಗಿರಿಜಕ್ಕ, ನೀವು ಎಂಥ ಮಾಡ್ತೀರಿ ಮಾರಾಯ್ರೆ? ನಾನಂತೂ ವಾರಕ್ಕೆರಡು ರಾತ್ರಿ ಉಪವಾಸ ಇರ್ತೀನಿ."

"ಉಪಾಸ ಇದ್ದ ದಿನ ಗುಳಿಗಿ?"

"ಖಾಲಿ ಹೊಟ್ಟೇಲಿ ಹ್ಯಾಗೆ ತಗೊಳ್ಳೋದು? ಬಿಡ್ತೀನಿ."

ಅವಳು ಹಣೆ ಚಚ್ಚಿಕೊಂಡಳು. "ಅಯ್ಯ ನಮ್ಮವ್ವಾ! ದೇವ್ರು ಗುಳಿಗಿನೂ ಬಿಡು ಅಂದಾನೇನು?"

ಕೈ ಹಿಡಿದು ಎಳೆದುಕೊಂಡು ಹೋಗಿ ಸಿಸ್ಟರ್ ಮುಂದೆ ನಿಲ್ಲಿಸಿದಳು. ಊಟ ಬಿಟ್ಟರೂ ಮಾತ್ರೆ ಬಿಡಬಾರದು ಎಂದು ಅವರು ಚೆನ್ನಾಗಿ ಬೈದರು. ಖಾಲಿ ಹೊಟ್ಟೆಗೂ ನುಂಗಬಹುದಂತೆ. ನನಗೆ ಧೈರ್ಯ ಸಾಲಲಿಲ್ಲ, ಒಪ್ಪತ್ತನ್ನೇ ಬಿಟ್ಟು ಸೋಮವಾರ ರಾತ್ರಿ ಉಪ್ಪಿಟ್ಟು ತಿಂದು ಮಾತ್ರೆ ನುಂಗತೊಡಗಿದೆ. ಈಶ್ವರ ಇದುವರೆಗೆ ಏನೂ ಅಂದಿಲ್ಲ.

ಹೋದ ತಿಂಗಳು ನನ್ನದೂ 'ಕಾಣುವಷ್ಟಿಲ್ಲ' ಎಂದು ಬಂತು. ಗೇಟಿಗೆ ಓಡಿಹೋಗಿ ಅಣ್ಣನಿಗೆ ಹೇಳಿದೆ. ಅವನು ಟವೆಲಿನಿಂದ ಕಣ್ಣೊರೆಸಿಕೊಂಡ. ಇನ್ನು ಗಿರಿಜಕ್ಕನೆದುರು ಬೀಗಬಹುದು ಎಂದು ತಿರುಗಿದರೆ, ಅವಳು ನಮ್ಮನ್ನೇ ನೋಡುತ್ತ ನಿಂತಿದ್ದಳು.

"ನಿನ್ನ ನೋಡಿದ್ರೆ ಹೊಟ್ಟಿ ಉರಿತೈತಿ ತಂಗಿ," ಎಂದಳು. "ನಂದು ಚಲೋ ಬಂದಾಗ ಹೇಳಾಕ ಯಾರಿದ್ರು? ಮನ್ಯಾಗ ಯಾರಿಗೂ ಗೊತ್ತೇ ಇಲ್ಲ."

ನಾನು ಅವಳ ಫೋನ್ ನಂಬರ್ ಬರೆದುಕೊಂಡೆ.

ರವೆ ಕೆಂಪಾಯಿತು. ಫೋನನ್ನು ಒಲೆಯ ಪಕ್ಕದಲ್ಲೇ ಇಟ್ಟುಕೊಂಡಿದ್ದೇನೆ. ಗಿರಿಜಕ್ಕನ ಈ ಸಲದ ವರದಿ ಇವತ್ತು ಬರುತ್ತದೆ. ಮೊದಲು ನನಗೇ ಹೇಳಬೇಕೆಂದು ಅವಳಿಂದ ಮಾತು ತೆಗೆದುಕೊಂಡಿದ್ದೇನೆ.