ಮೊಸರನ್ನದ ಮೇಲೆ ಬಂದ ಅಪವಾದ

ನಮ್ಮ ಬೀಗಲ್ ನಾಯಿಮರಿ ದಿನೇ ದಿನೇ ಸೊರಗುತ್ತಿದ್ದುದಕ್ಕೆ ಅದನ್ನು ಮಾರಿದವನು ಕೊಟ್ಟ ಕಾರಣ ನಮ್ಮ ಅತ್ತೆಯ ಮೊಸರನ್ನ. ಮರ್ಫಿ ಟೌನಿನಿಂದ ಹೊರಮಾವಿನ ನಮ್ಮ ಮನೆಗೆ ಮರಿ ನೋಡಲು ಬಂದವನು ಅತ್ತೆಯ ಎದುರಿಗೇ, "ಬರೀ ಮೊಸರನ್ನ ಹಾಕಿ ಮರೀನ ಸಾಯಿಸ್ತಿದೀರ ಅಮ್ಮಾ" ಅಂದುಬಿಟ್ಟ.

ದಾವಣಗೆರೆ ಕಡೆಯ ನಮ್ಮ ಅತ್ತೆ ಮೊಟ್ಟೆಯನ್ನೂ ಮುಟ್ಟಿದವರಲ್ಲ. ಮಾರನೆಯ ದಿನ ಅವರೇ ನನ್ನಿಂದ ಕುರಿಯ ಲಿವರ್ ತರಿಸಿ, ಬಾಲ್ಕನಿಯಲ್ಲಿ ಸ್ಟೌ ಇಟ್ಟು, ಮೂಗಿಗೆ ಸೆರಗು ಹಿಡಿದುಕೊಂಡು ಬೇಯಿಸಿದರು. ಮರಿ ಅದನ್ನೂ ಮೂಸಿ ಮುಖ ತಿರುಗಿಸಿತು. ಆಮೇಲೆ ಜ್ವರ, ಏದುಸಿರು. "ನನ್ನ ಕೈಯಿಂದ ಹಿಂಗಾತಲ್ಲವ್ವಾ" ಎಂದು ಅತ್ತೆ ಊಟ ಬಿಟ್ಟರು.

ಇಂದಿರಾನಗರದ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ ಹೇಳಿದ್ದೇ ಬೇರೆ. ಏನು ತಿಂದರೂ ಅದರಲ್ಲಿನ ಬಿ-12 ವಿಟಮಿನ್ ಈ ಮರಿಯ ಮೈಗೆ ಹತ್ತುವುದಿಲ್ಲ. ತಂದೆ ತಾಯಿ ಇಬ್ಬರಿಂದಲೂ ಬಂದ ದೋಷ. ಅದರಿಂದಲೇ ಮೈಯಲ್ಲಿ ಶಕ್ತಿ ಕುಂದಿ ನ್ಯುಮೋನಿಯಾ ಹಿಡಿದಿದೆ. ಜೀವನಪೂರ್ತಿ ಇಂಜೆಕ್ಷನ್ ಬೇಕು. ಔಷಧಿಗೆ ಮರಿ ಚೇತರಿಸಿಕೊಂಡಿತು, ಅತ್ತೆ ಚೇತರಿಸಿಕೊಳ್ಳಲಿಲ್ಲ. ಎಷ್ಟು ಹೇಳಿದರೂ, ನನ್ನ ಸಮಾಧಾನಕ್ಕೆ ಹೇಳ್ತೀಯ ಅನ್ನುತ್ತಿದ್ದರು.

ಮರಿ ಮಾರಿದವನಿಗೆ ಫೋನು ಮಾಡಿ ಕೇಳಿದರೆ ನಕ್ಕ. ಅವನ ಹತ್ತಿರ ಅದೇ ಜೋಡಿಯ ಇನ್ನಷ್ಟು ಮರಿಗಳು ಮಾರಾಟಕ್ಕೆ ಸಿದ್ಧವಾಗಿದ್ದವು. ನನಗೆ ಮೈಯೆಲ್ಲ ಉರಿದುಹೋಯಿತು.

ಅವನ ಮನೆಗೆ ಗಿರಾಕಿಗಳು ಬರುವುದು ಭಾನುವಾರ. ಇನ್ನೂ ಪಕ್ಕೆಲುಬು ಕಾಣುತ್ತಿದ್ದ ಮರಿಯನ್ನು ಕರೆದುಕೊಂಡು ನಾನೂ ಹೋಗಿ ಗೇಟಿನ ಮುಂದೆ ನಿಂತೆ. ಬಂದವರಿಗೆಲ್ಲ, "ಇದೂ ಇದೇ ತಾಯಿದು. ಹಿಂಗಾಗಿದೆ, ಯಾಕೆ ಅಂತ ಡಾಕ್ಟರ್‌ನ ಕೇಳಿ ತಗೊಳ್ಳಿ" ಅಂದೆ. ಪ್ರತಿ ಭಾನುವಾರ ಇದೇ ನನ್ನ ಕೆಲಸವಾಯಿತು. ಕಾರುಗಳು ವಾಪಸ್ ತಿರುಗುವಾಗ ನನಗೆ ಹೊಟ್ಟೆ ತಣ್ಣಗಾಗುತ್ತಿತ್ತು. ನಮ್ಮ ಮರಿ ಮಾತ್ರ ಅವನನ್ನು ಕಂಡರೆ ಬಾಲ ಆಡಿಸುತ್ತಿತ್ತು, ಅದಕ್ಕೆ ಬುದ್ಧಿಯಿಲ್ಲ.

ಕೊನೆಗೆ ಅವನೇ ಹೊರಗೆ ಬಂದ. "ಏನ್ ಬೇಕು ಮೇಡಂ ನಿಮ್ಗೆ?"

"ಆ ತಾಯಿನಾಯಿಗೆ ಆಪರೇಷನ್ ಮಾಡ್ಸಿ, ಇನ್ನು ಮರಿ ಹಾಕೋದು ಬೇಡ. ಆಮೇಲೆ ನಮ್ಮನೆಗೆ ಬಂದು ನಮ್ಮತ್ತೆಗೆ ನೀವೇ ಹೇಳ್ಬೇಕು."

ಆಪರೇಷನ್ ಮಾಡಿಸಿದ. ಹೊಲಿಗೆ ನೋಡಿದ ಮೇಲೇ ನಾನು ನಂಬಿದ್ದು. ಮನೆಗೂ ಬಂದ. "ನಿಮ್ ತಪ್ಪಲ್ಲಮ್ಮಾ, ನಾಯಿಗಳದ್ದೇ ಪ್ರಾಬ್ಲಮ್ಮು" ಅಂದ. ನಾನು ಅವನನ್ನು ದಿಟ್ಟಿಸಿ ನೋಡಿದೆ. "ತಪ್ಪು ನಂದು" ಅಂದ.

ಅತ್ತೆ ಒಳಗೆ ಹೋಗಿ, ತಟ್ಟೆ ತುಂಬ ಮೊಸರನ್ನ ತಂದು ಅವನ ಮುಂದಿಟ್ಟರು. ಅವನು ನನ್ನ ಕಡೆ ನೋಡಿದ. ತಟ್ಟೆ ಖಾಲಿಯಾಗುವ ತನಕ ನಾನು ಬಾಗಿಲು ಬಿಟ್ಟು ಕದಲಲಿಲ್ಲ.